ಎಳೆಗೂಸಿನ ತಲೆ ಒಂದು ಕಡೆ ಚಪ್ಪಟೆಯಾಗಿದೆ, ಕೈರೋಪ್ರಾಕ್ಟಿಕ್ ಮಾಡಿಸಬೇಕಾ?

ಪ್ರಶ್ನೆ: ನಮಸ್ತೆ ಮೇಡಂ. ನಮ್ಮದು ಗುಬ್ಬಿ ಹತ್ತಿರ ಒಂದು ಹಳ್ಳಿ. ಮಗಳಿಗೆ ಈಗ ಎರಡೂವರೆ ತಿಂಗಳು. ನಾರ್ಮಲ್ ಹೆರಿಗೆ, ಆದರೆ ಕೊನೆಗೆ ವ್ಯಾಕ್ಯೂಮ್ ಹಾಕಿ ತೆಗೆದರು. ಮೂರು ವಾರದಿಂದ ಗಮನಿಸುತ್ತಿದ್ದೇನೆ, ತಲೆಯ ಹಿಂಭಾಗ ಬಲಗಡೆ ಚಪ್ಪಟೆಯಾಗುತ್ತಿದೆ. ಮಲಗಿಸಿದರೆ ಬಲಕ್ಕೇ ತಿರುಗುತ್ತಾಳೆ. ಎಡಕ್ಕೆ ತಿರುಗಿಸಿ ಕೈ ಬಿಟ್ಟರೆ ಮತ್ತೆ ಬಲಕ್ಕೆ. ಎಡ ಎದೆಯಲ್ಲಿ ಚೆನ್ನಾಗಿ ಹಾಲು ಕುಡಿಯುತ್ತಾಳೆ, ಬಲ ಎದೆಗೆ ಹಾಕಿದರೆ ಅಳು. ಸಂಜೆ ಆರರಿಂದ ಒಂಬತ್ತರವರೆಗೆ ಏನು ಮಾಡಿದರೂ ಸುಮ್ಮನಾಗುವುದಿಲ್ಲ. ಬೆಂಗಳೂರಿನ ನಾದಿನಿ ರೀಲ್ಸ್ ನೋಡಿ, 'ಹುಟ್ಟುವಾಗ ಕತ್ತಿನ ಮೂಳೆ ಜರುಗಿರುತ್ತೆ, ಮಕ್ಕಳ ಕೈರೋಪ್ರಾಕ್ಟರ್ ಹತ್ತಿರ ಆರು ಸಿಟ್ಟಿಂಗ್ ಮಾಡಿಸಿದರೆ ತಲೆಯೂ ಸರಿಹೋಗುತ್ತೆ, ಅಳುವೂ ನಿಲ್ಲುತ್ತೆ, ತುಂಬಾ ಮೃದುವಾಗಿ ಮಾಡ್ತಾರೆ' ಎನ್ನುತ್ತಾಳೆ. ಅತ್ತೆ, ನೀರು ಹಾಕುವ ಅಜ್ಜಿಗೆ ಹೇಳಿ ತಲೆ ಒತ್ತಿಸೋಣ ಅಂತಾರೆ. ನನಗೆ ಇಬ್ಬರ ಮಾತಿಗೂ ಭಯ. ಸುಮ್ಮನಿದ್ದರೆ ಮಗುವಿನ ಮುಖ ಸೊಟ್ಟಗಾಗುತ್ತಾ ಅಂತಲೂ ಭಯ. ಮೇಲಿನಿಂದ ತೆಗೆದ ಫೋಟೋ ಕಳಿಸಿದ್ದೇನೆ. ಏನು ಮಾಡಲಿ?

ಉತ್ತರ: ನೋಡಿಮ್ಮ, ಏನು ಮಾಡಬಾರದು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಮಗುವಿನ ಕತ್ತನ್ನು ತಿರುಚುವುದು, ಎಳೆಯುವುದು, ನೆಟಿಕೆ ತೆಗೆಯುವುದು ಯಾರೂ ಮಾಡಬಾರದು. ತಲೆ ಒತ್ತುವುದೂ ಬೇಡ. ನಿಮ್ಮ ಮಗಳಿಗೆ ಬೇಕಾಗಿರುವುದು ಒಂದು ಸಲ ಸರಿಯಾದ ತಪಾಸಣೆ, ಆಮೇಲೆ ಮನೆಯಲ್ಲೇ ದಿನಾ ಮಾಡುವ ಕೆಲವು ಕೆಲಸ. ನಾನು ಮಕ್ಕಳ ಫಿಸಿಯೋಥೆರಪಿಸ್ಟ್. ತುಮಕೂರಿನ ನಮ್ಮ ಕ್ಲಿನಿಕ್‌ಗೆ ಇದೇ ದೂರು ಹೇಳಿಕೊಂಡು ಬರುವ ತಾಯಂದಿರು ಬಹಳ. ಹೆಚ್ಚಿನ ಮಕ್ಕಳು ಔಷಧಿಯೂ ಇಲ್ಲದೆ, ಆಪರೇಷನ್ನೂ ಇಲ್ಲದೆ ಸರಿಹೋಗುತ್ತಾರೆ.

ನೀವು ನಾಲ್ಕು ತೊಂದರೆ ಬರೆದಿದ್ದೀರಿ. ತಲೆ ಚಪ್ಪಟೆ, ಬಲಕ್ಕೇ ತಿರುಗುವುದು, ಬಲ ಎದೆ ಬೇಡ ಅನ್ನುವುದು, ಸಂಜೆಯ ಅಳು. ನನಗೆ ಕಾಣುವ ಮಟ್ಟಿಗೆ ಮೊದಲ ಮೂರೂ ಒಂದೇ ತೊಂದರೆ. ಅಳು ಬೇರೆ. ಇವನ್ನೆಲ್ಲ ಸೇರಿಸಿ 'ಮೂಳೆ ಜರುಗಿದೆ' ಅಂದುಬಿಟ್ಟರೆ ಕೇಳುವುದಕ್ಕೆ ಸರಿ ಅನ್ನಿಸುತ್ತದೆ. ಆದರೆ ಹಾಗಲ್ಲ.

ಒಂದು ಸಣ್ಣ ಪರೀಕ್ಷೆ ನಿಮ್ಮ ಮೇಲೇ ಮಾಡಿ ನೋಡಿ. ಕನ್ನಡಿ ಮುಂದೆ ನಿಂತು ಮುಖವನ್ನು ಬಲಕ್ಕೆ ತಿರುಗಿಸಿ. ಕತ್ತಿನ ಎಡಗಡೆ, ಕಿವಿಯ ಹಿಂದಿನಿಂದ ಎದೆಯ ಮೇಲಿನ ಮೂಳೆಯವರೆಗೆ ಹಗ್ಗದ ಹಾಗೆ ಒಂದು ಸ್ನಾಯು ಎದ್ದು ಕಾಣುತ್ತದೆ. ಎಡಗಡೆಯ ಸ್ನಾಯು ಬಿಗಿಯಾದರೆ ಮುಖ ಬಲಕ್ಕೆ ತಿರುಗುತ್ತದೆ, ತಲೆ ಎಡ ಭುಜದ ಕಡೆ ಸ್ವಲ್ಪ ವಾಲುತ್ತದೆ. ನಿಮ್ಮ ಮಗಳಿಗೆ ಎಡಗಡೆಯ ಈ ಸ್ನಾಯು ಸ್ವಲ್ಪ ಬಿಗಿಯಾಗಿರುವ ಸಾಧ್ಯತೆ ಜಾಸ್ತಿ. ಇದಕ್ಕೆ ಟಾರ್ಟಿಕಾಲಿಸ್ ಎನ್ನುತ್ತಾರೆ. ಹೊಟ್ಟೆಯೊಳಗೆ ಜಾಗ ಸಾಲದೆ ಒಂದೇ ಭಂಗಿಯಲ್ಲಿ ಇದ್ದದ್ದರಿಂದ ಬರಬಹುದು. ವ್ಯಾಕ್ಯೂಮ್, ಫೋರ್ಸೆಪ್ಸ್ ಹಾಕಿದ ಹೆರಿಗೆಗಳಲ್ಲಿ ಸ್ವಲ್ಪ ಹೆಚ್ಚು ಕಾಣುತ್ತೇವೆ. ಕೆಲವು ಮಕ್ಕಳಿಗೆ ಹುಟ್ಟಿದ ಎರಡು ಮೂರು ವಾರಕ್ಕೆ ಆ ಸ್ನಾಯುವಿನಲ್ಲಿ ಕಡಲೆಕಾಳಿನಷ್ಟೋ ಅದಕ್ಕಿಂತ ದೊಡ್ಡದೋ ಗಂಟು ಸಿಗುತ್ತದೆ. ಅದನ್ನು ಡಾಕ್ಟರ್‌ಗೆ ತೋರಿಸಬೇಕು. ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನೇ ಕರಗುತ್ತದೆ. ಉಜ್ಜಿ ಕರಗಿಸಲು ಹೋಗಬೇಡಿ.

ಇಲ್ಲಿ ಬಿಗಿಯಾಗಿರುವುದು ಸ್ನಾಯು. ಮೂಳೆ ತನ್ನ ಜಾಗದಲ್ಲೇ ಇದೆ.

ಇನ್ನು ಚಪ್ಪಟೆ ಯಾಕಾಯಿತು? ಮಗುವಿನ ಮೆದುಳು ಈ ತಿಂಗಳುಗಳಲ್ಲಿ ಬಹಳ ಬೇಗ ಬೆಳೆಯುತ್ತದೆ. ಹುಟ್ಟುವಾಗ ತಲೆಯ ಸುತ್ತಳತೆ ಸುಮಾರು 34, 35 ಸೆಂಟಿಮೀಟರ್. ಮೊದಲ ಮೂರು ತಿಂಗಳು ತಿಂಗಳಿಗೆ ಹತ್ತಿರ ಹತ್ತಿರ 2 ಸೆಂಟಿಮೀಟರ್ ಹೆಚ್ಚುತ್ತದೆ, ಒಂದು ವರ್ಷಕ್ಕೆ 45, 46ಕ್ಕೆ ಬರುತ್ತದೆ. ಅದಕ್ಕೇ ಬುರುಡೆಯ ಮೂಳೆಗಳು ತೆಳ್ಳಗೆ, ಮೆತ್ತಗೆ, ಒಂದಕ್ಕೊಂದು ಬೆಸೆಯದೆ ಇರುತ್ತವೆ. ಮಗು ದಿನದ ಬಹುಪಾಲು ಒಂದೇ ಕಡೆ ತಲೆ ಊರಿ ಮಲಗಿದರೆ ಊರಿದ ಕಡೆ ಬೆಳೆಯಲು ಜಾಗ ಸಿಗುವುದಿಲ್ಲ, ಬೇರೆ ಕಡೆ ಬೆಳೆಯುತ್ತದೆ. ಚಪ್ಪಟೆಯಾದ ಮೇಲೆ ತಲೆ ಆ ಕಡೆಗೇ ಇನ್ನೂ ಸುಲಭವಾಗಿ ಹೊರಳುತ್ತದೆ. ನೀವು ಎಡಕ್ಕೆ ತಿರುಗಿಸಿ ಕೈ ಬಿಟ್ಟ ತಕ್ಷಣ ವಾಪಸ್ ಹೋಗುವುದು ಇದಕ್ಕೇ. ಹಟ ಅಲ್ಲ. ಇದರಲ್ಲಿ ನಿಮ್ಮ ತಪ್ಪೂ ಏನೂ ಇಲ್ಲ.

ಅಂಗಾತ ಮಲಗಿಸುವುದರಿಂದಲೇ ಹೀಗಾಯಿತು, ಬೋರಲು ಮಲಗಿಸೋಣ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಅಮೆರಿಕದಲ್ಲಿ 1992ರಲ್ಲಿ ಮಕ್ಕಳ ಡಾಕ್ಟರುಗಳ ಸಂಘ ಎಳೆಮಕ್ಕಳನ್ನು ಬೋರಲು ಮಲಗಿಸಬೇಡಿ ಎಂದು ಸಲಹೆ ಕೊಟ್ಟಿತು. 1994ರಲ್ಲಿ ಅಂಗಾತ ಮಲಗಿಸಿ ಎಂಬ ದೊಡ್ಡ ಪ್ರಚಾರವೇ ಶುರುವಾಯಿತು. ನಿದ್ದೆಯಲ್ಲೇ ಕಾರಣವಿಲ್ಲದೆ ಸಾಯುವ ಮಕ್ಕಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಚಪ್ಪಟೆ ತಲೆಯ ಮಕ್ಕಳು ಜಾಸ್ತಿಯಾದದ್ದೂ ಆಗಲೇ, ಅದು ನಿಜ. ಆದರೂ ನಿದ್ದೆಗೆ ಅಂಗಾತವೇ. ಚಪ್ಪಟೆಯನ್ನು ಎಚ್ಚರವಿದ್ದಾಗ ಸರಿಪಡಿಸೋಣ.

ನೀವು ಕಳಿಸಿದ ಫೋಟೋದಲ್ಲಿ ಚಪ್ಪಟೆಯಾದ ಬಲಗಡೆಯ ಕಿವಿ ಎಡ ಕಿವಿಗಿಂತ ಸ್ವಲ್ಪ ಮುಂದೆ ಬಂದ ಹಾಗಿದೆ, ಬಲ ಹಣೆಯೂ ತುಸು ಮುಂದಿದೆ. ಮಲಗುವ ಭಂಗಿಯಿಂದ ಚಪ್ಪಟೆಯಾದ ತಲೆ ಮೇಲಿನಿಂದ ನೋಡಿದಾಗ ಹೀಗೇ ಕಾಣುತ್ತದೆ. ಇದು ಒಳ್ಳೆಯ ಸೂಚನೆ. ಆದರೆ ಫೋಟೋ ನೋಡಿ ಖಚಿತ ಹೇಳುವ ಹಾಗಿಲ್ಲ. ಕೈಯಿಟ್ಟು ನೋಡಲೇಬೇಕು, ಯಾಕೆಂದರೆ ತಳ್ಳಿಹಾಕಬೇಕಾದ ಇನ್ನೊಂದು ಕಾಯಿಲೆ ಇದೆ. ಬುರುಡೆಯ ಮೂಳೆಗಳ ನಡುವಿನ ಸಂದು ಬೇಗನೆ ಬೆಸೆದುಕೊಂಡುಬಿಡುವುದು. ಕ್ರೇನಿಯೋಸಿನೊಸ್ಟೋಸಿಸ್ ಅಂತ ಹೆಸರು. ಸುಮಾರು 2,000ದಿಂದ 2,500 ಮಕ್ಕಳಲ್ಲಿ ಒಬ್ಬರಿಗೆ ಇರುತ್ತದೆ. ಅದರಲ್ಲಿ ತಲೆಯ ಆಕಾರ ಸಾಮಾನ್ಯವಾಗಿ ಹುಟ್ಟಿದಾಗಿನಿಂದಲೇ ಬೇರೆ ಇರುತ್ತದೆ, ಸಂದಿನ ಮೇಲೆ ಬೆರಳಾಡಿಸಿದರೆ ದಿಣ್ಣೆ ಸಿಗುತ್ತದೆ. ತಲೆಯ ಹಿಂಭಾಗದ ಸಂದು ಬೆಸೆದಿದ್ದರೆ ಚಪ್ಪಟೆಯಾದ ಕಡೆಯ ಕಿವಿ ಮುಂದೆ ಬರುವ ಬದಲು ಹಿಂದಕ್ಕೆ ಹೋಗಿರುವುದುಂಟು. ಅದಕ್ಕೆ ಆಪರೇಷನ್ನೇ ಬೇಕು, ಅದೂ ಸಾಧ್ಯವಾದಷ್ಟು ಮೊದಲ ವರ್ಷದಲ್ಲೇ. ಕೈಯಿಂದ ಒತ್ತಿ ಬಿಡಿಸಲು ಯಾರಿಂದಲೂ ಆಗುವುದಿಲ್ಲ. ನಿಮ್ಮ ಮಗಳಿಗೆ ಚಪ್ಪಟೆ ಕಂಡದ್ದು ಏಳು ಎಂಟನೇ ವಾರದಲ್ಲಿ. ಹಾಗಾಗಿ ಅದು ಇರುವ ಸಾಧ್ಯತೆ ಕಡಿಮೆ. ಆದರೂ ನೋಡಿಸಿ.

ಈಗ ನಾದಿನಿ ಹೇಳಿದ ಚಿಕಿತ್ಸೆಯ ವಿಷಯ. ಅವರು ಪ್ರೀತಿಯಿಂದಲೇ ಹೇಳಿದ್ದಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ರೀಲ್ಸ್‌ನಲ್ಲಿ ಎರಡು ಬೇರೆ ಬೇರೆ ಚಿಕಿತ್ಸೆಗಳನ್ನು ಒಂದೇ ಹೆಸರಲ್ಲಿ ತೋರಿಸುತ್ತಾರೆ.

ಕೈರೋಪ್ರಾಕ್ಟಿಕ್ ಅನ್ನುವುದು 1895ರಲ್ಲಿ ಅಮೆರಿಕದ ಅಯೋವಾ ರಾಜ್ಯದಲ್ಲಿ ಡಿ.ಡಿ. ಪಾಮರ್ ಎಂಬುವರು ಶುರು ಮಾಡಿದ ಪದ್ಧತಿ. ಬೆನ್ನುಮೂಳೆಯ ಗೆಣ್ಣು ಸ್ವಲ್ಪ ಜರುಗಿದರೆ ನರಗಳಿಗೆ ತೊಂದರೆಯಾಗಿ ಕಾಯಿಲೆ ಬರುತ್ತದೆ, ಅದನ್ನು ಕೈಯಿಂದ ಕೂರಿಸಬೇಕು ಅನ್ನುವುದು ಅದರ ಮೂಲ ನಂಬಿಕೆ. ದೊಡ್ಡವರ ಸೊಂಟನೋವಿಗೆ ಕೆಲವರಿಗೆ ಅದರಿಂದ ಸ್ವಲ್ಪ ಆರಾಮ ಸಿಗುತ್ತದೆ, ಇಲ್ಲ ಅನ್ನುವುದಿಲ್ಲ. ಎಳೆಮಕ್ಕಳ ಕತ್ತಿನಲ್ಲಿ ಹೀಗೆ 'ಜರುಗಿದ' ಮೂಳೆಯನ್ನು ಯಾವ ಎಕ್ಸ್‌ರೇಯಲ್ಲೂ ತೋರಿಸಲು ಆಗಿಲ್ಲ. ಹೆರಿಗೆಯಲ್ಲಿ ನಿಜವಾಗಿ ಮೂಳೆ ಜರುಗಿದ್ದರೆ ಅದು ತುರ್ತು ಪರಿಸ್ಥಿತಿ. ಅಂಥ ಮಗು ಎರಡೂವರೆ ತಿಂಗಳು ಮನೆಯಲ್ಲಿ ಕೈಕಾಲು ಆಡಿಸಿಕೊಂಡು ಇರುವುದಿಲ್ಲ.

ಎರಡನೆಯದು ತಲೆಬುರುಡೆಯ ಚಿಕಿತ್ಸೆ, ಕ್ರೇನಿಯೋಸೇಕ್ರಲ್ ಅಂತ ಬೋರ್ಡ್ ಹಾಕಿರುತ್ತಾರೆ. 1930ರ ದಶಕದಲ್ಲಿ ವಿಲಿಯಂ ಸದರ್ಲ್ಯಾಂಡ್ ಎಂಬ ಆಸ್ಟಿಯೋಪಥಿ (ಮೂಳೆ, ಸ್ನಾಯುಗಳಿಗೆ ಕೈಯಿಂದ ಚಿಕಿತ್ಸೆ ಮಾಡುವ ಪದ್ಧತಿ) ಡಾಕ್ಟರ್ ಇದನ್ನು ಬೆಳೆಸಿದರು, 1970ರ ದಶಕದಲ್ಲಿ ಜಾನ್ ಅಪ್ಲೆಜರ್ ಇದಕ್ಕೆ ಈಗಿನ ರೂಪ ಕೊಟ್ಟರು. ಬುರುಡೆಯ ಮೂಳೆಗಳು ಒಂದು ಲಯದಲ್ಲಿ ಆಡುತ್ತಿರುತ್ತವೆ, ಮೆದುಳಿನ ನೀರಿನ ಆ ಲಯವನ್ನು ಬೆರಳಲ್ಲಿ ಹಿಡಿದು ಸರಿಪಡಿಸಬಹುದು ಅನ್ನುವುದು ಅವರ ವಾದ. ಒಂದೇ ವ್ಯಕ್ತಿಯನ್ನು ಇಬ್ಬರು ಚಿಕಿತ್ಸಕರಿಗೆ ಮುಟ್ಟಿಸಿ ಲಯ ಎಣಿಸಲು ಹೇಳಿದ ಪರೀಕ್ಷೆಗಳಲ್ಲಿ ಇಬ್ಬರ ಲೆಕ್ಕವೂ ತಾಳೆಯಾಗಲಿಲ್ಲ. ನಿಜವಾಗಿ ಇದ್ದದ್ದಾಗಿದ್ದರೆ ನಾಡಿ ಬಡಿತದ ಹಾಗೆ ಇಬ್ಬರಿಗೂ ಒಂದೇ ಸಿಗಬೇಕಿತ್ತು, ಅಲ್ವಾ? ಈ ಚಿಕಿತ್ಸೆಯಲ್ಲಿ ಕೈ ಒತ್ತುವುದು ಬಹಳ ಕಡಿಮೆ. ತಲೆಯ ಕೆಳಗೆ ಅಂಗೈ ಇಟ್ಟು ಸುಮ್ನೆ ಹಿಡಿದುಕೊಂಡಿರುತ್ತಾರೆ. ಕತ್ತಲೆ ಮಾಡಿದ ತಣ್ಣನೆ ರೂಮು, ಬೆಚ್ಚಗಿನ ಕೈ. ಮಗು ಸಮಾಧಾನವಾಗುವುದು ಸಹಜ. ಅಷ್ಟರಮಟ್ಟಿಗೆ ಅಪಾಯವೂ ಕಡಿಮೆ. ಆದರೆ ಅದರಿಂದ ತಲೆಯ ಆಕಾರ ಬದಲಾಗುತ್ತದೆ ಎನ್ನಲು ಆಧಾರ ಗಟ್ಟಿಯಿಲ್ಲ.

'ನನ್ನ ಫ್ರೆಂಡ್ ಮಗೂಗೆ ಮಾಡಿಸಿದ್ವಿ, ಮೂರೇ ಸಿಟ್ಟಿಂಗ್‌ಗೆ ಅಳು ನಿಂತುಹೋಯ್ತು' ಅನ್ನುವವರು ಸುಳ್ಳು ಹೇಳುತ್ತಿಲ್ಲ. ಇಲ್ಲಿ ಮಗುವಿನ ವಯಸ್ಸನ್ನು ನೋಡಬೇಕು. ಆರೋಗ್ಯವಾಗಿರುವ ಮಕ್ಕಳ ಅಳು ಹುಟ್ಟಿದ ಎರಡನೇ ವಾರದಿಂದ ಏರುತ್ತಾ ಹೋಗಿ ಆರನೇ ವಾರದ ಸುಮಾರಿಗೆ ತುದಿ ಮುಟ್ಟುತ್ತದೆ. ಆಮೇಲೆ ಇಳಿಯುತ್ತದೆ. ಮೂರು ನಾಲ್ಕು ತಿಂಗಳಿಗೆ ಬಹುತೇಕ ನಿಲ್ಲುತ್ತದೆ. ಸಂಜೆ ಹೊತ್ತೇ ಜಾಸ್ತಿ. ತಾಯಿತಂದೆ ತಾಳಲಾರದೆ ಚಿಕಿತ್ಸೆ ಹುಡುಕಿ ಹೊರಡುವುದು ಅಳು ತುದಿಯಲ್ಲಿದ್ದಾಗ. ಅಲ್ಲಿಂದ ಮುಂದೆ ಏನು ಕೊಟ್ಟರೂ, ಏನು ಮಾಡಿದರೂ, ಏನೂ ಮಾಡದಿದ್ದರೂ ಅಳು ಇಳಿಯುತ್ತದೆ. ಗ್ರೈಪ್ ವಾಟರ್‌ಗೆ ಹೆಸರು ಬಂದದ್ದೂ ಹೀಗೇ, ದೃಷ್ಟಿ ತೆಗೆಸಿದ್ದಕ್ಕೆ ಹೆಸರು ಬಂದದ್ದೂ ಹೀಗೇ.

ಇದನ್ನು ಅಳತೆ ಮಾಡಿಯೂ ನೋಡಿದ್ದಾರೆ. ಡೆನ್ಮಾರ್ಕ್‌ನಲ್ಲಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತುಂಬಾ ಅಳುವ ಮಕ್ಕಳಲ್ಲಿ ಅರ್ಧದಷ್ಟಕ್ಕೆ ಕೈರೋಪ್ರಾಕ್ಟಿಕ್ ಮಾಡಿದರು, ಉಳಿದವಕ್ಕೆ ಮಾಡಲಿಲ್ಲ. ಯಾವ ಮಗುವಿಗೆ ಮಾಡಿದ್ದಾರೆ ಅನ್ನುವುದು ಪೋಷಕರಿಗೆ ಗೊತ್ತಿರಲಿಲ್ಲ. ಮಾಡಿದ ಮಕ್ಕಳ ಅಳು ದಿನಕ್ಕೆ ಸುಮಾರು ಒಂದೂವರೆ ಗಂಟೆ ಇಳಿಯಿತು. ಮಾಡದ ಮಕ್ಕಳ ಅಳು ಸುಮಾರು ಒಂದು ಗಂಟೆ ಇಳಿಯಿತು. ಏನೂ ಮಾಡದೆಯೇ ಒಂದು ಗಂಟೆ! ಉಳಿದ ಅರ್ಧ ಗಂಟೆಯ ವ್ಯತ್ಯಾಸವೂ ಲೆಕ್ಕಾಚಾರದಲ್ಲಿ ಗಟ್ಟಿಯಾಗಿ ನಿಲ್ಲಲಿಲ್ಲ. ಅದಕ್ಕೆ ಮೊದಲು 2012ರಲ್ಲಿ, ಚಿಕಿತ್ಸೆಗಳ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ ಇಂಥ ಆರು ಅಧ್ಯಯನಗಳನ್ನು, ಒಟ್ಟು 325 ಮಕ್ಕಳನ್ನು, ಒಟ್ಟಿಗೆ ಇಟ್ಟು ನೋಡಿತ್ತು. ಚಿಕಿತ್ಸೆ ಆಗಿದೆಯೆಂದು ಪೋಷಕರಿಗೆ ಗೊತ್ತಿದ್ದ ಕಡೆ ಲಾಭ ಕಂಡಿತು, ಗೊತ್ತಿಲ್ಲದ ಕಡೆ ಕಾಣಲಿಲ್ಲ. ನಿಮ್ಮ ಮಗಳು ಈಗ ಅಳು ಇಳಿಯುವ ವಯಸ್ಸಿನಲ್ಲಿದ್ದಾಳೆ. ಈ ತಿಂಗಳು ಆರು ಸಿಟ್ಟಿಂಗ್ ಮಾಡಿಸಿದರೆ ಅಳು ಖಂಡಿತ ಕಡಿಮೆಯಾಗುತ್ತದೆ. ಮಾಡಿಸದಿದ್ದರೂ ಆಗುತ್ತದೆ.

ಅಪಾಯದ ಮಾತು. ಹೆದರಿಸುವುದಕ್ಕೆ ಹೇಳುತ್ತಿಲ್ಲ. ಮಕ್ಕಳಿಗೆ ಬೆನ್ನುಮೂಳೆ ಚಿಕಿತ್ಸೆ ಮಾಡಿದಾಗ ಆದ ಅನಾಹುತಗಳನ್ನು 2007ರಲ್ಲಿ ಕೆಲವು ಸಂಶೋಧಕರು ಹುಡುಕಿ ಒಟ್ಟು ಮಾಡಿದರು. ವೈದ್ಯಕೀಯ ಬರಹಗಳಲ್ಲಿ ಚಿಕಿತ್ಸೆಯಿಂದಲೇ ನೇರವಾಗಿ ತೊಂದರೆಯಾದ 14 ಪ್ರಕರಣ ಸಿಕ್ಕವು, ಅದರಲ್ಲಿ 9 ಗಂಭೀರ. ಮೆದುಳಿನ ಸುತ್ತ ರಕ್ತಸ್ರಾವ, ಕಾಲು ಸ್ವಾಧೀನ ತಪ್ಪಿದ್ದು ಇಂಥವು. ಸಂಖ್ಯೆ ಚಿಕ್ಕದು, ಒಪ್ಪುತ್ತೇನೆ. ಆದರೆ ಇನ್ನೂ 20 ಮಕ್ಕಳಿಗೆ ಬೇರೆಯದೇ ಕಾಯಿಲೆ ಇತ್ತು. ಮಿದುಳುಪೊರೆಯ ಸೋಂಕು, ಗೆಡ್ಡೆ, ಸಕ್ಕರೆ ಕಾಯಿಲೆ. ಕೆಲವರಿಗೆ ರೋಗ ಪತ್ತೆಯಾಗುವುದು ತಡವಾಯಿತು, ಕೆಲವರಿಗೆ ರೋಗ ಬಿಟ್ಟು ಮೂಳೆಗೆ ಚಿಕಿತ್ಸೆ ನಡೆಯಿತು. ನನ್ನ ಅನುಭವದಲ್ಲೂ ದೊಡ್ಡ ನಷ್ಟ ಇದೇ. ಮೃದುವಾದ ಕೈಯಿಂದ ಮಗುವಿಗೆ ನೋವಾಗುವುದಿಲ್ಲ, ಆದರೆ ಒಳ್ಳೆಯ ಸಮಯ ಹೋಗಿಬಿಡುತ್ತದೆ. ಬಿಗಿಯಾದ ಕತ್ತಿನ ಸ್ನಾಯುವಿಗೆ ಮೂರು ತಿಂಗಳೊಳಗೆ ವ್ಯಾಯಾಮ ಶುರು ಮಾಡಿದರೆ ಬಹುತೇಕ ಮಕ್ಕಳಿಗೆ ಅದೊಂದೇ ಸಾಕಾಗುತ್ತದೆ. ಆರು ತಿಂಗಳು ದಾಟಿಸಿ ಕರೆತಂದರೆ ಮಗು ಕೈಗೆ ಸಿಗುವುದಿಲ್ಲ, ಒದ್ದಾಡುತ್ತದೆ, ತಿಂಗಳುಗಟ್ಟಲೆ ಹಿಡಿಯುತ್ತದೆ.

ಕತ್ತನ್ನು ಚಟಕ್ ಅನ್ನಿಸುವ ಚಿಕಿತ್ಸೆಯಂತೂ ಎಳೆಮಗುವಿಗೆ ಬೇಡವೇ ಬೇಡ. ಮಗುವಿನ ಉದ್ದದಲ್ಲಿ ಕಾಲುಭಾಗ ತಲೆಯೇ. ಅಷ್ಟು ಭಾರದ ತಲೆಯನ್ನು ಹೊತ್ತಿರುವ ಕತ್ತಿನ ಗೆಣ್ಣುಗಳು ಇನ್ನೂ ಅರ್ಧ ಮೃದ್ವಸ್ಥಿ, ಕಟ್ಟುಗಳು ಸಡಿಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಇನ್ನೂ ಸಡಿಲ. ನೆದರ್ಲ್ಯಾಂಡ್ಸ್‌ನಲ್ಲಿ ಮೂರು ತಿಂಗಳ ಮಗುವೊಂದು ಕ್ರೇನಿಯೋಸೇಕ್ರಲ್ ಹೆಸರಿನಲ್ಲಿ ಕತ್ತು ಬೆನ್ನನ್ನು ಬಗ್ಗಿಸಿದ ಮೇಲೆ ತೀರಿಕೊಂಡದ್ದನ್ನು ಅಲ್ಲಿನ ಡಾಕ್ಟರುಗಳು 2009ರಲ್ಲಿ ವರದಿ ಮಾಡಿದ್ದಾರೆ. ಹೆಸರು ಮೃದು ಚಿಕಿತ್ಸೆಯದು, ಮಾಡಿದ್ದು ಬೇರೆ. ಆಸ್ಟ್ರೇಲಿಯಾದಲ್ಲಿ ಎರಡು ವಾರದ ಮಗುವಿಗೆ ಮಾಡಿದ ಚಿಕಿತ್ಸೆಯ ವಿಡಿಯೋ ಹೊರಬಂದು ದೊಡ್ಡ ಗಲಾಟೆಯಾಯಿತು. ಎರಡು ವರ್ಷದೊಳಗಿನ ಮಕ್ಕಳಿಗೆ ಬೆನ್ನುಮೂಳೆ ಚಿಕಿತ್ಸೆ ಮಾಡಬಾರದು ಎಂದು ಅಲ್ಲಿನ ಕೈರೋಪ್ರಾಕ್ಟಿಕ್ ಮಂಡಳಿಯೇ 2019ರಲ್ಲಿ ಹೇಳಿತು. ನಡುವೆ ಸಡಿಲಿಸಿ, 2024ರಲ್ಲಿ ಮತ್ತೆ ತಡೆಯಿತು. ಅಲ್ಲಿ ತಡೆಯುವುದಕ್ಕೆ ಒಂದು ಮಂಡಳಿ ಇದೆ. ನಮ್ಮ ದೇಶದಲ್ಲಿ ಕೈರೋಪ್ರಾಕ್ಟಿಕ್‌ಗೆ ಅಂತಲೇ ಕಾನೂನಿನ ಕೌನ್ಸಿಲ್ ಇಲ್ಲ. ಯಾರು ಎಷ್ಟು ಓದಿದ್ದಾರೆ, ಎಲ್ಲಿ ಓದಿದ್ದಾರೆ ಎಂದು ನೀವೇ ಕೇಳಿ ತಿಳಿಯಬೇಕು. ಮನೆಯವರ ಒತ್ತಾಯಕ್ಕೆ ಹೋಗಲೇಬೇಕಾಗಿ ಬಂದರೂ ಮೊದಲು ಮಕ್ಕಳ ಡಾಕ್ಟರ್ ನೋಡಿರಲಿ. ನೀವು ಮಗುವಿನ ಪಕ್ಕದಲ್ಲೇ ಇರಿ. ಕತ್ತು ತಿರುಗಿಸಲು ಹೊರಟರೆ, ಕಾಲು ಹಿಡಿದು ತಲೆಕೆಳಗೆ ಮಾಡಿದರೆ, ಇಂಜೆಕ್ಷನ್ ಹಾಕಿಸಬೇಡಿ ಎಂದರೆ, ಮಗುವನ್ನು ಎತ್ತಿಕೊಂಡು ಹೊರಟುಬಿಡಿ. ದಾಕ್ಷಿಣ್ಯ ಬೇಡ.

ಅತ್ತೆಯವರ ಮಾತಿಗೆ ಬರೋಣ. ನೀರು ಹಾಕುವ ಅಜ್ಜಿಯನ್ನು ನಾನು ಬೇಡ ಅನ್ನುವುದಿಲ್ಲ. ಅವರು ಮಾಡುವುದರಲ್ಲಿ ಒಳ್ಳೆಯದು ಬಹಳ ಇದೆ. ಕಾಲು ನೀಡಿ ಕುಳಿತು ಮಗುವನ್ನು ಮೊಣಕಾಲ ಮೇಲೆ ಬೋರಲು ಹಾಕಿ ಬೆನ್ನಿಗೆ ಎಣ್ಣೆ ಸವರುತ್ತಾರಲ್ಲ, ಆ ಹೊತ್ತಿನಲ್ಲಿ ಮಗು ತಲೆ ಎತ್ತಲು ಒದ್ದಾಡುತ್ತದೆ. ನಾವು ಕ್ಲಿನಿಕ್‌ನಲ್ಲಿ ಹೇಳಿಕೊಡುವ ವ್ಯಾಯಾಮವೂ ಅದೇ. ಕೊಬ್ಬರಿ ಎಣ್ಣೆ ಹಚ್ಚಿ ಮೈ ನೀವುವುದರಿಂದ ಮಗು ಚೆನ್ನಾಗಿ ನಿದ್ದೆ ಮಾಡುತ್ತದೆ. ಅದನ್ನೆಲ್ಲ ಮಾಡಲಿ. ತಲೆ ಒತ್ತಿ ದುಂಡಗೆ ಮಾಡುವುದು, ಮೂಗು ಹಿಂಡಿ ಎತ್ತರ ಮಾಡುವುದು, ಮೂಗಿಗೆ ಕಿವಿಗೆ ಎಣ್ಣೆ ಬಿಡುವುದು, ಕೈ ಹಿಡಿದು ಜೋತಾಡಿಸುವುದು ಬೇಡ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ವ್ಯಾಕ್ಯೂಮ್ ಹಾಕಿದ ಮಕ್ಕಳ ಬುರುಡೆಯ ಮೇಲೆ ಕೆಲವೊಮ್ಮೆ ರಕ್ತ ಹೆಪ್ಪುಗಟ್ಟಿದ ಊತ ವಾರಗಟ್ಟಲೆ ಇರುತ್ತದೆ, ಅದನ್ನಂತೂ ಒತ್ತಲೇಬಾರದು. ನಿಮ್ಮ ಅತ್ತೆಗೆ ಹೀಗೆ ಹೇಳಿ ನೋಡಿ: 'ಅತ್ತೆ, ಬೋರಲು ಹಾಕಿ ಎಣ್ಣೆ ಹಚ್ಚೋದನ್ನ ಇನ್ನೂ ಜಾಸ್ತಿ ಹೊತ್ತು ಮಾಡಿಸಿ ಅಂದ್ರು, ತಲೆ ಮಾತ್ರ ಒತ್ತಬೇಡಿ ಅಂದ್ರು.' ಪೂರ್ತಿ ಬೇಡ ಅಂದಾಗ ಬರುವ ಜಗಳ ಇದರಲ್ಲಿ ಬರುವುದಿಲ್ಲ. ಅಜ್ಜಿಯೂ ಸಂತೋಷವಾಗಿಯೇ ಮಾಡುತ್ತಾರೆ.

ನೀವು ಇವತ್ತಿನಿಂದಲೇ ಮಾಡಬಹುದಾದದ್ದು ಇದೆ. ಹಾಲು ಕೊಡುವುದರಿಂದ ಶುರು ಮಾಡಿ. ಎಡ ಎದೆಗೆ ಹಾಕಿದಾಗ ಮಗು ಬಲಕ್ಕೆ ತಿರುಗಿ ಕುಡಿಯುತ್ತದೆ, ಅದಕ್ಕೆ ಸಲೀಸು. ಬಲ ಎದೆಗೆ ಮಾಮೂಲಾಗಿ ಹಾಕಿದರೆ ಎಡಕ್ಕೆ ತಿರುಗಬೇಕು, ಅಲ್ಲಿ ಸ್ನಾಯು ಎಳೆಯುತ್ತದೆ, ಅಳುತ್ತದೆ. ನಿಮ್ಮ ಹಾಲಿನಲ್ಲಿ ಏನೂ ದೋಷವಿಲ್ಲ. ಸದ್ಯಕ್ಕೆ ಬಲ ಎದೆಗೆ ಮಗುವನ್ನು ಬಲ ಕಂಕುಳ ಕೆಳಗೆ ಹಿಡಿದುಕೊಳ್ಳಿ. ಕಾಲು ನಿಮ್ಮ ಬೆನ್ನಿನ ಕಡೆಗೆ, ತಲೆ ನಿಮ್ಮ ಅಂಗೈಯಲ್ಲಿ. ಆಗ ಮಗು ಬಲಕ್ಕೇ ತಿರುಗಿ ಕುಡಿಯುತ್ತದೆ, ಎದೆಯಲ್ಲಿ ಹಾಲು ಕಟ್ಟಿಕೊಳ್ಳುವುದಿಲ್ಲ. ಕತ್ತು ಸಡಿಲವಾಗುತ್ತಾ ಬಂದ ಹಾಗೆ ದಿನಕ್ಕೆ ಒಂದೆರಡು ಸಲ ಮಾಮೂಲಿ ಭಂಗಿಗೆ ತನ್ನಿ.

ಮಗು ಮಲಗುವ ಜಾಗ ನೋಡಿ. ಎಡಕ್ಕೆ ಗೋಡೆ, ಬಲಕ್ಕೆ ನೀವು, ಹೀಗೆ ತಾನೇ ಇರುವುದು? ಮಗು ಗೋಡೆಯನ್ನು ಯಾಕೆ ನೋಡುತ್ತದೆ? ನಿಮ್ಮನ್ನೇ ನೋಡುತ್ತದೆ. ತಲೆ ಇದ್ದ ಕಡೆ ಕಾಲು ಬರುವ ಹಾಗೆ ಮಲಗಿಸಿದರೆ ನೀವು ಅದರ ಎಡಕ್ಕೆ ಬರುತ್ತೀರಿ. ಹಾಗೆ ಮಾಡಿದರೆ ತಲೆ ಉತ್ತರಕ್ಕೆ ಬರುತ್ತದೆ ಎಂದು ಮನೆಯಲ್ಲಿ ಬೇಡ ಅಂದರೆ ಮಂಚವನ್ನೇ ಎದುರು ಗೋಡೆಗೆ ಸರಿಸಿ. ಕಿಟಕಿಯ ಬೆಳಕು, ಬಾಗಿಲು, ಮಾತಾಡುವ ಜನ, ಎಲ್ಲ ಎಡಗಡೆ ಇರಲಿ. ಸೀರೆಯ ಜೋಲಿಯಲ್ಲಿ ಬಟ್ಟೆ ಎರಡೂ ಕಡೆ ಒತ್ತಿಕೊಂಡು ಮಗುವಿಗೆ ತಲೆ ಹೊರಳಿಸಲು ಆಗುವುದಿಲ್ಲ. ಗಂಟೆಗಟ್ಟಲೆ ಅದರಲ್ಲಿ ಬಿಡಬೇಡಿ.

ಎಚ್ಚರವಿದ್ದಾಗ, ನೀವು ಪಕ್ಕದಲ್ಲೇ ಇದ್ದಾಗ, ಬೋರಲು ಹಾಕಿ. ನಿಮ್ಮ ಎದೆಯ ಮೇಲೋ, ತೊಡೆಯ ಮೇಲೋ, ಚಾಪೆಯ ಮೇಲೋ. ಒಂದು ಸಲಕ್ಕೆ ಎರಡು ಮೂರು ನಿಮಿಷ ಸಾಕು, ಅತ್ತರೆ ಎತ್ತಿಕೊಳ್ಳಿ, ಮತ್ತೆ ಹಾಕಿ. ದಿನದಲ್ಲಿ ಎಲ್ಲ ಸೇರಿ ಅರ್ಧ ಗಂಟೆ ಆಗಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅಷ್ಟೇ. ಹಾಲು ಕುಡಿದ ತಕ್ಷಣ ಬೇಡ, ಕಕ್ಕುತ್ತದೆ. ಅಂಗಾತ ಮಲಗಿದ್ದಾಗ ನಿಮ್ಮ ಮುಖವನ್ನೇ ಒಂದು ಗೇಣು ದೂರದಲ್ಲಿ ತೋರಿಸಿ, ಮಾತಾಡಿಸುತ್ತಾ ನಿಧಾನವಾಗಿ ಎಡಕ್ಕೆ ಸರಿಯಿರಿ. ಕಣ್ಣು ಮೊದಲು ಬರುತ್ತದೆ, ಆಮೇಲೆ ಮೂಗು, ಆಮೇಲೆ ಗಲ್ಲ. ಅರ್ಧಕ್ಕೆ ನಿಂತರೆ ಅಲ್ಲೇ ಸ್ವಲ್ಪ ಹೊತ್ತು ಮಾತಾಡಿಸಿ. ಕೈ ಹಾಕಿ ತಿರುಗಿಸಬೇಡಿ. ಸ್ನಾಯುವನ್ನು ಕೈಯಿಂದ ಎಳೆಯುವ ವ್ಯಾಯಾಮಗಳೂ ಇವೆ, ಅವನ್ನು ಬರೆದು ಕಲಿಸಲು ಬರುವುದಿಲ್ಲ. ಫಿಸಿಯೋಥೆರಪಿಸ್ಟ್ ನಿಮ್ಮ ಕೈ ಹಿಡಿದು ಕಲಿಸಬೇಕು.

ಸಾಸಿವೆ ದಿಂಬು, ರಾಗಿ ದಿಂಬು, ತಲೆ ದುಂಡಗಾಗಲು ಮಾರುವ ನಡುವೆ ಗುಳಿ ಇರುವ ದಿಂಬು, ಬಟ್ಟೆಯ ಸಿಂಬಿ, ಯಾವುದೂ ಬೇಡ. ಮಗು ಜಾರಿ ಮೂಗು ಮುಚ್ಚಿಕೊಂಡರೆ ತಾನೇ ಸರಿಯಲು ಅದಕ್ಕೆ ಗೊತ್ತಾಗುವುದಿಲ್ಲ. ಇಂಥ ದಿಂಬುಗಳನ್ನು ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2022ರಲ್ಲಿ ಎಚ್ಚರಿಕೆಯನ್ನೇ ಕೊಟ್ಟಿದೆ. ಹೆಲ್ಮೆಟ್ ಬಗ್ಗೆಯೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಬಹಳ ದುಬಾರಿ, ದಿನಕ್ಕೆ 23 ಗಂಟೆ ಹಾಕಿರಬೇಕು. ನೆದರ್ಲ್ಯಾಂಡ್ಸ್‌ನಲ್ಲಿ 84 ಮಕ್ಕಳ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ವರ್ಷಕ್ಕೆ ಪೂರ್ತಿ ಸರಿಹೋದವರು ಹೆಲ್ಮೆಟ್ ಹಾಕಿದವರಲ್ಲಿ ನೂರಕ್ಕೆ 26, ಹಾಕದವರಲ್ಲಿ ನೂರಕ್ಕೆ 23. ತೀರಾ ಜಾಸ್ತಿ ಸೊಟ್ಟಗಿದ್ದು ಆರು ತಿಂಗಳಾದರೂ ಬದಲಾಗದಿದ್ದರೆ ಮಾತ್ರ ಆ ಮಾತು ಎತ್ತಬಹುದು. ಈ ಅಂಕಿ ನೋಡಿ ಹೆದರಬೇಡಿ. ಅವು ಐದಾರು ತಿಂಗಳಾದರೂ ಸರಿಹೋಗದೆ ಉಳಿದಿದ್ದ ಮಕ್ಕಳವು. ಪೂರ್ತಿ ದುಂಡಗಾಗದ ತಲೆಯೂ ಕೂದಲು ಬಂದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಬುದ್ಧಿಗೆ ಇದರಿಂದ ಪೆಟ್ಟಾಗುವುದೂ ಇಲ್ಲ.

ಸಂಜೆಯ ಅಳುವಿಗೆ ಮಾಡುವುದು ಕಡಿಮೆ, ತಾಳಿಕೊಳ್ಳುವುದು ಜಾಸ್ತಿ. ಎದೆಗೊರಗಿಸಿಕೊಂಡು ಓಡಾಡಿ, ತೇಗು ಬರಿಸಿ, ದೀಪ ಕಡಿಮೆ ಮಾಡಿ, ಮನೆಯವರು ಸರದಿ ಮೇಲೆ ಎತ್ತಿಕೊಳ್ಳಲಿ. ನಿಮಗೆ ಸಾಕುಸಾಕಾದರೆ ಮಗುವನ್ನು ಅಂಗಾತ ಮಲಗಿಸಿ ಐದು ನಿಮಿಷ ಹೊರಗೆ ಬನ್ನಿ, ತಪ್ಪಿಲ್ಲ. ಎಂದೂ ಇಲ್ಲದ ಹಾಗೆ ಒಂದೇ ಸಮ ಚೀರಿದರೆ ಬಟ್ಟೆ ಬಿಚ್ಚಿ ಕಾಲ್ಬೆರಳು, ಕೈಬೆರಳುಗಳನ್ನು ಒಂದೊಂದಾಗಿ ನೋಡಿ. ಬಾಣಂತಿಯ ಉದುರಿದ ಕೂದಲು ಬೆರಳಿಗೆ ಸುತ್ತಿಕೊಂಡು ಬಿಗಿದಿರುವುದುಂಟು. ಜ್ವರ 100.4 ಡಿಗ್ರಿ ಮುಟ್ಟಿದರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ಹಾಲು ಬಿಟ್ಟರೆ, ಮಗು ಜೋಲು ಬಿದ್ದರೆ, ನೆತ್ತಿ ಉಬ್ಬಿದರೆ ಆ ರಾತ್ರಿಯೇ ಆಸ್ಪತ್ರೆಗೆ. ಬೆಳಗಾಗಲಿ ಎಂದು ಕಾಯಬೇಡಿ.

ತಪಾಸಣೆಗೆ ಬೆಂಗಳೂರಿಗೇ ಹೋಗಬೇಕಾಗಿಲ್ಲ. ಗುಬ್ಬಿಯಲ್ಲೋ ತುಮಕೂರಲ್ಲೋ ಮಕ್ಕಳ ಡಾಕ್ಟರ್ ಹತ್ತಿರ ಈ ವಾರ ತೋರಿಸಿ. ತುಮಕೂರಿನ ಜಿಲ್ಲಾ ಆಸ್ಪತ್ರೆಯೂ ಇದೆ. ಹುಟ್ಟಿನಿಂದ ಬರುವ ತೊಂದರೆಗಳನ್ನು ಬೇಗ ಪತ್ತೆ ಮಾಡಲು ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ, ಅದರ ಬಗ್ಗೆ ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಡಾಕ್ಟರ್‌ಗೆ ಮೂರು ವಿಷಯ ನೀವಾಗಿಯೇ ಹೇಳಿ: ತಲೆಯ ಸಂದುಗಳನ್ನು ಮುಟ್ಟಿ ನೋಡಲಿ, ಕತ್ತು ಎರಡೂ ಕಡೆ ಎಷ್ಟು ತಿರುಗುತ್ತದೆ ನೋಡಲಿ, ಸೊಂಟದ ಕೀಲನ್ನೂ ನೋಡಲಿ. ಕತ್ತಿನ ಸ್ನಾಯು ಬಿಗಿಯಿರುವ ಕೆಲವು ಮಕ್ಕಳಿಗೆ ಸೊಂಟದ ಕೀಲೂ ಸಡಿಲ ಇರುತ್ತದೆ, ಅದಕ್ಕೆ ಕೇಳುತ್ತಿದ್ದೇನೆ. ವಿಟಮಿನ್ ಡಿ ಹನಿ ಹಾಕುತ್ತಿದ್ದೀರಾ ಅನ್ನುವುದನ್ನೂ ಹೇಳಿ. ದಿನಕ್ಕೆ 400 ಯೂನಿಟ್ ಬೇಕು. ಸಂದು ಬೆಸೆದ ಅನುಮಾನ ಬಂದರೆ ಮಾತ್ರ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗೋ ನಿಮ್ಹಾನ್ಸ್‌ಗೋ ಕಳಿಸುತ್ತಾರೆ.

ಹತ್ತು ದಿನಕ್ಕೊಮ್ಮೆ ಒಂದೇ ಜಾಗದಲ್ಲಿ, ತಲೆ ಒದ್ದೆ ಮಾಡಿ ಕೂದಲು ಅಂಟಿಸಿ, ಮೇಲಿನಿಂದ ಫೋಟೋ ತೆಗೆಯಿರಿ. ದಿನಾ ನೋಡುವ ಕಣ್ಣಿಗೆ ಬದಲಾವಣೆ ಗೊತ್ತಾಗುವುದಿಲ್ಲ, ಫೋಟೋದಲ್ಲಿ ಗೊತ್ತಾಗುತ್ತದೆ. ಕತ್ತು ಮೊದಲು ಸಡಿಲವಾಗುತ್ತದೆ, ತಲೆ ದುಂಡಗಾಗಲು ಇನ್ನೂ ತಿಂಗಳುಗಳು ಬೇಕು. ಹದಿನಾಲ್ಕನೇ ವಾರದ ಇಂಜೆಕ್ಷನ್‌ಗೆ ಹೋದಾಗ ತಲೆಯ ಸುತ್ತಳತೆ ಅಳೆಸಿ ತಾಯಿ ಕಾರ್ಡ್‌ನಲ್ಲಿ ಬರೆಸಿಕೊಳ್ಳಿ. ಅಷ್ಟರೊಳಗೆ ಎಡಕ್ಕೆ ತಿರುಗುವುದು ಸ್ವಲ್ಪವೂ ಸುಧಾರಿಸದಿದ್ದರೆ ಫೋಟೋಗಳನ್ನು ತೆಗೆದುಕೊಂಡು ಮಗುವನ್ನು ಕರೆತನ್ನಿ, ನಿಮ್ಮ ಅತ್ತೆಯವರೂ ಜೊತೆಗೆ ಬರಲಿ. ಮನೆಯಲ್ಲಿ ಮಗುವನ್ನು ಎತ್ತಿಕೊಳ್ಳುವವರೆಲ್ಲರೂ ವ್ಯಾಯಾಮ ಕಲಿತರೆ ಒಳ್ಳೆಯದು.